ಅರಿಶಿನ ಅರಿಶಿನವಾಗಿಯೇ ಪ್ರಿಂಟ್ ಆಗಬೇಕಾದರೆ

ನವೆಂಬರ್ 1 ಹತ್ತಿರ ಬಂತೆಂದರೆ ಮುಂಬೈ ಹತ್ತಿರದ ಡೊಂಬಿವಲಿಯ ನಮ್ಮ ಪ್ರಿಂಟಿಂಗ್ ಅಂಗಡಿಗೆ ರಾಜ್ಯೋತ್ಸವದ ಬ್ಯಾನರ್ ಕೆಲಸ ಬರುತ್ತದೆ. ಒಂದು ವರ್ಷ ಹಳದಿ ಹಸಿರಿಗೆ ತಿರುಗಿ, ಕೆಂಪು ಇಟ್ಟಿಗೆ ಬಣ್ಣವಾಗಿ ಬಂತು. ಬಿಚ್ಚಿ ನೋಡಿದ ಹಿರಿಯರು, "ಇದು ನಮ್ಮ ಬಾವುಟದ ಬಣ್ಣ ಅಲ್ಲಪ್ಪಾ" ಅಂದರು. ಆಗ ನಾನು ಯಾವ ಬಣ್ಣ ಹೇಗೆ ಬರುತ್ತದೆ ಅಂತ ಹೇಳುವ ಪ್ರೊಫೈಲ್ ಫೈಲುಗಳನ್ನು ಒಂದರ ಮೇಲೊಂದು ಬದಲಿಸಿ ಎರಡು ದಿನ ಕಳೆದೆ. ತಪ್ಪು ಇದ್ದದ್ದು ಅದರ ಕೆಳಗೆ, ಮಷಿನ್‌ನಲ್ಲೇ.

ಅದಕ್ಕೇ ಮೊದಲು ನಾಝಲ್ ಚೆಕ್ ತೆಗೆಯಿರಿ, ಅಂದರೆ ಹೆಡ್‌ನಲ್ಲಿ ಇಂಕ್ ಚಿಮ್ಮುವ ಸಣ್ಣ ತೂತುಗಳೆಲ್ಲ ತೆರೆದಿವೆಯೇ ಅಂತ ತೋರಿಸುವ ಗೆರೆಗಳ ಪ್ರಿಂಟ್. ಒಂದು ಗೆರೆ ತುಂಡಾಗಿದ್ದರೂ ಹೆಡ್ ಕ್ಲೀನ್ ಮಾಡಿ, ಮತ್ತೆ ತೆಗೆದು ನೋಡಿ. ಆಮೇಲೆ ಹೆಡ್ ಅಲೈನ್‌ಮೆಂಟ್, ಮೀಡಿಯಾ ಫೀಡ್ (ರೋಲ್ ಮುಂದೆ ಸರಿಯುವ ಅಳತೆ) ಸರಿ ಇವೆಯೇ ನೋಡಿ.

ಈಗ ಇಂಕ್ ಲಿಮಿಟ್, ಅಂದರೆ ಒಂದೊಂದು ಬಣ್ಣ ಗರಿಷ್ಠ ಎಷ್ಟು ಸುರಿಯಬೇಕು ಅನ್ನುವ ಮಿತಿ. ಫೈಲನ್ನು ಮಷಿನ್‌ಗೆ ಇಂಕಿನ ಚುಕ್ಕೆಗಳಾಗಿ ಬದಲಿಸುವ ರಿಪ್ ಸಾಫ್ಟ್‌ವೇರ್‌ನಿಂದ ಸಯಾನ್ (ತಿಳಿನೀಲಿ), ಮೆಜೆಂಟಾ (ಗಾಢ ಗುಲಾಬಿ), ಹಳದಿ, ಕಪ್ಪು ಈ ನಾಲ್ಕೂ ಬಣ್ಣದ ಪಟ್ಟಿಯನ್ನು 0ಯಿಂದ 100 ಪರ್ಸೆಂಟ್‌ವರೆಗೆ ಪ್ರಿಂಟ್ ಮಾಡಿ, ಬಿಸಿಲ ಬೆಳಕಿಗೆ ಹಿಡಿಯಿರಿ. ಸಯಾನ್ ಒಂದು ಹಂತದ ಮೇಲೆ ಗಾಢವಾಗುವುದು ಬಿಟ್ಟು ನೇರಳೆ ಕಡೆ ವಾಲುತ್ತದೆ, ಮೆಜೆಂಟಾ ಕೆಂಪಿನ ಕಡೆ. ಅದಕ್ಕಿಂತ ಸ್ವಲ್ಪ ಮೊದಲೇ ನಿಲ್ಲಿಸಿ. ಅದರಾಚೆ ಸುರಿದ ಇಂಕ್ ಸುಮ್ನೆ ದಂಡ.

ನಂತರ ಲಿನಿಯರೈಸೇಶನ್, ಅಂದರೆ 0ಯಿಂದ 100ರವರೆಗೆ ಬಣ್ಣ ಸಮ ಹೆಜ್ಜೆಯಲ್ಲಿ ಗಾಢವಾಗುವಂತೆ ಮಾಡುವುದು. ಇದನ್ನು ಬಿಟ್ಟರೆ 70 ಮತ್ತು 100ರ ಪಟ್ಟಿಗಳು ಬಹುಪಾಲು ಒಂದೇ ಥರ ಕಾಣುತ್ತವೆ, ಫೋಟೋದ ನೆರಳೆಲ್ಲ ಮುದ್ದೆಯಾಗುತ್ತದೆ. ಇದು ಕ್ಯಾಲಿಬ್ರೇಶನ್, ಅಂದರೆ ಮಷಿನ್ನನ್ನು ಒಂದು ಸ್ಥಿತಿಗೆ ತಂದು ನಿಲ್ಲಿಸುವುದು. ಪ್ರೊಫೈಲ್ ಬೇರೆ. ಆ ಸ್ಥಿತಿಯಲ್ಲಿ ಯಾವ ಬಣ್ಣ ಹೇಗೆ ಬರುತ್ತದೆ ಅಂತ ಅದು ಹೇಳುತ್ತದೆ, ಅಷ್ಟೇ. ಸ್ಥಿತಿಯೇ ಜಾರಿದರೆ ಪ್ರೊಫೈಲ್ ಏನು ಮಾಡೀತು?

ನಾಲ್ಕು ಬಣ್ಣ ಪೂರ್ತಿ ಸೇರಿದರೆ 400 ಪರ್ಸೆಂಟ್ ಇಂಕ್. ಫ್ಲೆಕ್ಸ್ ಅಷ್ಟು ಕುಡಿಯುವುದಿಲ್ಲ. 200ರಿಂದ ಇಪ್ಪತ್ತಿಪ್ಪತ್ತು ಏರಿಸುತ್ತಾ ಚೌಕ ಪ್ರಿಂಟ್ ಮಾಡಿ, ಅಂಚು ಹರಡುವ ಮತ್ತು ಬೆರಳಿಗೆ ಅಂಟುವ ಚೌಕಕ್ಕಿಂತ ಕೆಳಗೆ ಮಿತಿ ಹಾಕಿ.

ಪ್ರೊಫೈಲ್ ಚಾರ್ಟ್ (ಅಳೆದು ಪ್ರೊಫೈಲ್ ಮಾಡಲು ಬೇಕಾದ ಬಣ್ಣದ ಚೌಕಗಳ ಹಾಳೆ) ಪ್ರಿಂಟ್ ಮಾಡುವಾಗ ಪ್ರೊಫೈಲ್ ಪ್ರಕಾರ ಬಣ್ಣ ತಿದ್ದುವ ಕಲರ್ ಮ್ಯಾನೇಜ್‌ಮೆಂಟ್ ಆಫ್ ಇರಲಿ, ಇಲ್ಲದಿದ್ದರೆ ಹಳೆಯ ಪ್ರೊಫೈಲ್ ಮೇಲೆ ಹೊಸದು ಕೂತು ಎಲ್ಲ ಕಲಸಿಹೋಗುತ್ತದೆ. ಪಾಸ್ (ಒಂದೇ ಜಾಗದ ಮೇಲೆ ಹೆಡ್ ಎಷ್ಟು ಸಲ ಓಡುತ್ತದೆ ಅನ್ನುವುದು), ರೆಸಲ್ಯೂಶನ್, ಹೀಟರ್ ಕೆಲಸಕ್ಕೆ ಇಡುವಷ್ಟೇ ಇಡಿ. ಫ್ಲೆಕ್ಸ್, ವಿನೈಲ್, ಕ್ಯಾನ್ವಾಸ್‌ಗೆ ಬೇರೆ ಬೇರೆ ಪ್ರೊಫೈಲ್ ಬೇಕೇ ಬೇಕು.

ಇಲ್ಲಿ ಆತುರ ಬೇಡ. ಮುಂಬೈ ಮಳೆಗಾಲದಲ್ಲಿ ಸಾಲ್ವೆಂಟ್ ಇಂಕಿನ ಚಾರ್ಟನ್ನು ಸುತ್ತಿಡದೆ, ಹರಡಿ, ಫ್ಯಾನ್ ಕೆಳಗೆ ಒಂದು ರಾತ್ರಿ ಬಿಡುವುದು ನನ್ನ ರೂಢಿ. ಹಸಿಯಾಗಿದ್ದಾಗ ಅಳೆದ ಬಣ್ಣ ಒಣಗಿದ ಮೇಲಿನ ಬಣ್ಣವಲ್ಲ. ಬೆಳಿಗ್ಗೆ ಕೆಳಗೆ ದಪ್ಪ ಬಿಳಿ ಹಾಳೆ ಹಾಸಿ, ಬಣ್ಣ ಅಳೆಯುವ ಸಾಧನವಾದ ಸ್ಪೆಕ್ಟ್ರೊದಿಂದ ಅಳೆಯಿರಿ. ಫ್ಲೆಕ್ಸ್ ತೆಳು, ಮೇಜಿನ ಬಣ್ಣ ಅದರೊಳಗಿಂದ ಇಣುಕುತ್ತದೆ.

ಪ್ರೊಫೈಲ್ ಹಾಕಿದ ಮೇಲೆ ಮಷಿನ್‌ಗೆ ಬರದ ಬಣ್ಣವನ್ನು ಹೇಗೆ ಹೊಂದಿಸಬೇಕು ಅನ್ನುವ ಸೆಟ್ಟಿಂಗ್‌ನಲ್ಲಿ ಲೋಗೊ, ಬಾವುಟಕ್ಕೆ ರಿಲೇಟಿವ್ ಕಲರಿಮೆಟ್ರಿಕ್ ಇಟ್ಟು ನೋಡಿ, ಫೋಟೋಗೆ ಪರ್ಸೆಪ್ಚುವಲ್. ಹಳದಿಯಲ್ಲಿ ಸಯಾನ್ ಎಷ್ಟಿದೆ ಅಂತ ಫೈಲಿನಲ್ಲೇ ನೋಡಿಕೊಳ್ಳಿ. ನಾಲ್ಕೈದು ಪರ್ಸೆಂಟ್ ಸೇರಿದರೂ ಅರಿಶಿನಕ್ಕೆ ಹಸಿರು ಬಡಿಯುತ್ತದೆ. ಬಂದದ್ದನ್ನು ಟ್ಯೂಬ್‌ಲೈಟ್ ಕೆಳಗೆ ಒಪ್ಪಿಕೊಳ್ಳಬೇಡಿ, ಹೊರಗೆ ತಂದು ನೋಡಿ. ಬ್ಯಾನರ್ ಕಟ್ಟುವುದು ಅಲ್ಲೇ ಅಲ್ವಾ?

ಒಪ್ಪಿಗೆಯಾದ ತುಂಡಿನ ಹಿಂದೆ ತಾರೀಖು, ಮೀಡಿಯಾ, ಪಾಸ್ ಬರೆದು ಕವರಿನಲ್ಲಿಡಿ. ಇಂಕ್ ಅಥವಾ ರೋಲ್ ಬದಲಾದಾಗ ಅದೇ ಪಟ್ಟಿಯನ್ನು ಮತ್ತೆ ಪ್ರಿಂಟ್ ಮಾಡಿ ಪಕ್ಕಕ್ಕಿಟ್ಟು ನೋಡಿ. ಬೇರೆ ಕಂಡರೆ ಮೊದಲು ಲಿನಿಯರೈಸ್ ಮಾಡಿ. ಅದರಲ್ಲೂ ಸರಿಹೋಗದಿದ್ದರೆ ಮಾತ್ರ ಹೊಸ ಚಾರ್ಟ್.