ಅಪ್ಪನ ಪಿಗ್ಮಿ ಲೆಕ್ಕ ಮತ್ತು ನನ್ನ ಅರ್ಜಿ

ಫಸ್ಟ್ ಪಿಯುಸಿ ಮುಗಿಯುವಾಗ ನನ್ನ ಫೈಲಿನಲ್ಲಿ ಹದಿನೇಳು ಸರ್ಟಿಫಿಕೇಟ್ ಇತ್ತು. ಆನ್‌ಲೈನ್ ಕೋರ್ಸ್‌ಗಳು, ಎರಡು ದಿನದ ಸ್ಟಾಕ್ ಮಾರ್ಕೆಟ್ ವರ್ಕ್‌ಶಾಪ್, ಕ್ವಿಜ್. ಅಮೆರಿಕದ ಒಳ್ಳೆಯ ಕಾಲೇಜಿನಲ್ಲಿ ಓದಿ ಫೈನಾನ್ಸ್ ಕೆಲಸಕ್ಕೆ ಹೋಗಬೇಕು ಎಂಬ ಆಸೆ. ಮಂಗಳೂರಿನ ಒಬ್ಬ ಕನ್ಸಲ್ಟೆಂಟ್ ಫೈಲ್ ತಿರುವಿ, "ಒಂದು ಎನ್‌ಜಿಒ ಶುರು ಮಾಡಿ, ಫೌಂಡರ್ ಅಂತ ಬರೆಯಬಹುದು" ಎಂದರು. ಬಸ್ಸಿನಲ್ಲಿ ಉಡುಪಿಗೆ ವಾಪಸ್ ಬರುವಾಗ ಅಳು ಬರುವ ಹಾಗಾಯಿತು. ಅಷ್ಟು ಕಾಗದದಲ್ಲಿ ನನ್ನದು ಅಂತ ಹೇಳುವಂಥದ್ದು ಒಂದೂ ಇರಲಿಲ್ಲ.

ನನ್ನದು ಮನೆಯಲ್ಲೇ ಇತ್ತು. ಅಪ್ಪ ಮಲ್ಪೆಯಲ್ಲಿ ಒಂದು ಸಹಕಾರಿ ಸಂಘದ ಪಿಗ್ಮಿ ಏಜೆಂಟ್. ಪಿಗ್ಮಿ ಅಂದರೆ ಜನ ದಿನಾ ಸ್ವಲ್ಪ ಸ್ವಲ್ಪ ಕೂಡಿಡುವ ಉಳಿತಾಯ, ಏಜೆಂಟ್ ಅವರಿದ್ದಲ್ಲಿಗೇ ಹೋಗಿ ಅದನ್ನು ಸಂಗ್ರಹಿಸುತ್ತಾರೆ. ಪಿಗ್ಮಿ ಹುಟ್ಟಿದ್ದೇ ನಮ್ಮ ಕಡೆ ಅಲ್ವಾ? ಮುಂದೆ ಸಿಂಡಿಕೇಟ್ ಬ್ಯಾಂಕ್ ಎಂದು ಹೆಸರಾದ ಸಂಸ್ಥೆ 1928ರಲ್ಲಿ ಶುರು ಮಾಡಿದ್ದು, ದಿನಕ್ಕೆ ಎರಡಾಣೆಯಿಂದ. ಆ ಬ್ಯಾಂಕ್ 2020ರಲ್ಲಿ ಕೆನರಾ ಬ್ಯಾಂಕಿನಲ್ಲಿ ಸೇರಿಹೋಯಿತು. ಪಿಗ್ಮಿ ಮಾತ್ರ ಇವತ್ತಿಗೂ ಉಂಟು.

ಏಪ್ರಿಲ್‌ನಲ್ಲಿ ಅಪ್ಪನ ಜೊತೆ ಹೋಗಲು ಶುರು ಮಾಡಿದೆ. ಬೆಳಿಗ್ಗೆ ಬಂದರಿನಲ್ಲಿ ಬುಟ್ಟಿ ಇಳಿಸಿದ ಕೂಡಲೇ ಮೀನು ಮಾರುವ ಹೆಂಗಸರು ಸೊಂಟದ ಚೀಲದಿಂದ ಒದ್ದೆ ನೋಟು ತೆಗೆದು ಕೊಡುತ್ತಿದ್ದರು. ಅಪ್ಪ ಕೈಯಲ್ಲಿದ್ದ ಮೆಷಿನ್‌ನಿಂದ ಚೀಟಿ ಹರಿದು ಕೊಡುತ್ತಿದ್ದರು. ಸಂಘದ ಒಪ್ಪಿಗೆ ಪಡೆದು, ಯಾರ ಹೆಸರೂ ಬರೆಯದೆ, ನಂಬರ್ ಕೊಟ್ಟು ದಿನದ ಲೆಕ್ಕವನ್ನು ನೋಟ್‌ಬುಕ್‌ಗೆ ಇಳಿಸಿದೆ. ಹಿಂದಿನ ಎರಡು ವರ್ಷದ ಲೆಕ್ಕವೂ ಸಿಕ್ಕಿತು.

ಜೂನ್ 1ರಿಂದ ಜುಲೈ 31ರವರೆಗೆ, 61 ದಿನ, ನಮ್ಮ ಕರಾವಳಿಯಲ್ಲಿ ಯಾಂತ್ರಿಕ ಬೋಟುಗಳಿಗೆ ನಿಷೇಧ. ಕಲೆಕ್ಷನ್ ಬೀಳುತ್ತದೆ ಅಂತ ಗೊತ್ತಿತ್ತು. ಗೊತ್ತಿರದಿದ್ದದ್ದು ಇನ್ನೊಂದು: ನಿಷೇಧ ಶುರುವಾಗುವ ವಾರವೇ ಶಾಲೆಯ ಫೀಸು, ಪುಸ್ತಕ, ಕೊಡೆ ಎಂದು ಜನ ದುಡ್ಡು ಹಿಂದೆ ತೆಗೆಯುತ್ತಾರೆ. ಬರುವುದು ಕಡಿಮೆ, ಹೋಗುವುದು ಜಾಸ್ತಿ, ಎರಡೂ ಒಟ್ಟಿಗೆ. ಹಾಗಾದರೆ ಸಂಘ ಹೇಗೆ ಸುಧಾರಿಸುತ್ತದೆ? ಮ್ಯಾನೇಜರ್ ಹತ್ತಿರ ಕೇಳಿದೆ. "ದೊಡ್ಡ ಬ್ಯಾಂಕಿನಲ್ಲಿ ನಾವಿಟ್ಟ ಎಫ್‌ಡಿ ಜೂನ್ ಮೊದಲ ವಾರಕ್ಕೆ ಮೆಚ್ಯೂರ್ ಆಗುವ ಹಾಗೆ ಇಡ್ತೇವೆ" ಎಂದರು. ಲಿಕ್ವಿಡಿಟಿ, ಅಂದರೆ ಬೇಕಾದಾಗ ಕೈಗೆ ನಗದು ಸಿಗುವ ಹಾಗಿರುವುದು, ಎಂಬ ಪದವನ್ನು ನಾಲ್ಕು ಕೋರ್ಸ್‌ನಲ್ಲಿ ಕೇಳಿದ್ದೆ. ಅರ್ಥವಾದದ್ದು ಆ ಟೇಬಲ್ ಮುಂದೆ ನಿಂತಾಗ.

ಅರ್ಜಿಯ ಪ್ರಬಂಧ ಅದೇ ಆಯಿತು. ಅಮೆರಿಕದ ಹಲವು ಕಾಲೇಜುಗಳಿಗೆ ಒಂದೇ ಕಡೆ ಅರ್ಜಿ ಹಾಕುವ ಕಾಮನ್ ಆ್ಯಪ್‌ನಲ್ಲಿ ಅದನ್ನು 650 ಪದದೊಳಗೆ ಬರೆಯಬೇಕು. ಚಟುವಟಿಕೆಗಳಿಗೆ ಹತ್ತು ಜಾಗ, ಒಂದೊಂದರ ವಿವರಣೆಗೆ 150 ಅಕ್ಷರ, ಸ್ಪೇಸ್ ಸೇರಿ. ಮೊದಲು "ನಾಯಕತ್ವ ಬೆಳೆಸಿಕೊಂಡೆ, ಹಣಕಾಸು ಸಾಕ್ಷರತೆಗೆ ಶ್ರಮಿಸಿದೆ" ಎಂದೆಲ್ಲ ಬರೆದಿದ್ದೆ. ಕಾಮರ್ಸ್ ಲೆಕ್ಚರರ್ ಓದಿ, "ಇದರಲ್ಲಿ ನೀನು ಏನು ಮಾಡಿದ್ದು?" ಎಂದು ಕೇಳಿದರು. ಎಲ್ಲ ಅಳಿಸಿ, ಎಷ್ಟು ತಿಂಗಳ ಲೆಕ್ಕ, ಏನು ಹೋಲಿಸಿದೆ, ಏನು ಸಿಕ್ಕಿತು, ಅಷ್ಟೇ ಬರೆದೆ. ಹತ್ತರಲ್ಲಿ ಆರು ಜಾಗ ಮಾತ್ರ ತುಂಬಿದೆ. ಮನೆಯಲ್ಲಿ ತಂಗಿಗೆ ಪಾಠ ಹೇಳಿಕೊಡುವುದೂ ಅದರಲ್ಲಿ ಒಂದು. ಸರ್ಟಿಫಿಕೇಟ್ ಯಾವುದೂ ಇಲ್ಲ.

ಗಣಿತದ ಬಗ್ಗೆ ಒಂದು ಮಾತು ಗಟ್ಟಿಯಾಗಿಯೇ ಹೇಳುತ್ತೇನೆ. ಪಿಯುಸಿ ಕಾಮರ್ಸ್‌ನಲ್ಲಿ ಬೇಸಿಕ್ ಮ್ಯಾತ್ಸ್ ಬೇರೆ, ಸೈನ್ಸ್‌ನವರು ಓದುವ ಮ್ಯಾತಮ್ಯಾಟಿಕ್ಸ್ ಬೇರೆ. ಎಕನಾಮಿಕ್ಸ್, ಫೈನಾನ್ಸ್ ಓದುವವರಲ್ಲಿ ದೊಡ್ಡ ಕಾಲೇಜುಗಳು ನೋಡುವುದು ಕ್ಯಾಲ್ಕುಲಸ್. ಸಾಧ್ಯವಿದ್ದರೆ ಎರಡನೆಯದನ್ನೇ ತೆಗೆದುಕೊಳ್ಳಿ. ಸುಮ್ನೆ ಅಂಕ ಜಾಸ್ತಿ ಬರುತ್ತದೆ ಅಂತ ಸುಲಭದ್ದನ್ನು ಆರಿಸಬೇಡಿ. ಅಮೆರಿಕದ ಕಾಲೇಜು ಪ್ರವೇಶದ ಪರೀಕ್ಷೆಯಾದ ಎಸ್‌ಎಟಿಗೆ ಖಾನ್ ಅಕಾಡೆಮಿ ವೆಬ್‌ಸೈಟಿನಲ್ಲಿ ಉಚಿತವಾಗಿ ಓದಿದೆ, ಅದು ಸಾಕಾಯಿತು.

ದುಡ್ಡಿನ ವಿಷಯ ಮೊದಲೇ ತಿಳಿದಿದ್ದರೆ ಚೆನ್ನಾಗಿತ್ತು. ವಿದೇಶಿ ವಿದ್ಯಾರ್ಥಿ ಫೀಸಿಗೆ ಹಣದ ನೆರವು ಕೇಳಿದರೆ ಹೆಚ್ಚಿನ ಕಾಲೇಜುಗಳು ಸೀಟು ಕೊಡುವಾಗ ಅದನ್ನೂ ಲೆಕ್ಕಕ್ಕೆ ಹಿಡಿಯುತ್ತವೆ. ಹಾರ್ವರ್ಡ್, ಯೇಲ್, ಪ್ರಿನ್ಸ್‌ಟನ್, ಎಂಐಟಿ, ಆಮ್ಹರ್ಸ್ಟ್‌ನಂಥ ಕೆಲವೇ ಕಡೆ ಹಾಗಿಲ್ಲ. ಆದರೆ ಅಲ್ಲಿ ಸೀಟು ಸಿಗುವುದೇ ಕಷ್ಟ. ನನಗೆ ಹೆಚ್ಚಿನ ಕಡೆಯಿಂದ "ಇಲ್ಲ" ಬಂತು. ಒಂದು ಸಣ್ಣ ಲಿಬರಲ್ ಆರ್ಟ್ಸ್ ಕಾಲೇಜು, ಅಂದರೆ ಒಂದೇ ವೃತ್ತಿಗೆ ತಯಾರು ಮಾಡದೆ ಹಲವು ವಿಷಯ ಓದಿಸುವ ಕಾಲೇಜು, ನೆರವಿನ ಜೊತೆ ಕರೆಯಿತು. ಅಲ್ಲಿ ಫೈನಾನ್ಸ್ ಎಂಬ ಡಿಗ್ರಿಯೇ ಇಲ್ಲ. ಎಕನಾಮಿಕ್ಸ್ ಮತ್ತು ಗಣಿತ ಓದಿಯೇ ಅಲ್ಲಿಂದ ಬ್ಯಾಂಕಿಂಗ್ ಕೆಲಸಕ್ಕೆ ಹೋಗುತ್ತಾರೆ.

ಪತ್ರ ಬಂದ ಸಂಜೆ ಮನೆಯಲ್ಲಿ ಪ್ರಬಂಧವನ್ನು ಕನ್ನಡದಲ್ಲಿ ಓದಿ ಹೇಳಿದೆ. ಅಪ್ಪ ಪೂರ್ತಿ ಕೇಳಿ, ಜೂನ್ ಎರಡನೇ ವಾರದ ಒಂದು ಸಂಖ್ಯೆ ತಪ್ಪಾಗಿದೆ ಎಂದರು. ನೋಟ್‌ಬುಕ್ ತೆಗೆದು ನೋಡಿದೆವು. ಅವರು ಹೇಳಿದ್ದೇ ಸರಿಯಿತ್ತು.