ನಿಮ್ಮ ಕ್ಷೇತ್ರದ ಚುನಾವಣೆ ಚರಿತ್ರೆ ಬರೆಯುವುದು ಹೇಗೆ: ಸೊರಬದ ನನ್ನ ನೋಟ್‌ಬುಕ್ಕಿನಿಂದ

ನಾನು ಸೊರಬ ತಾಲ್ಲೂಕಿನ ಹೈಸ್ಕೂಲಿನಲ್ಲಿ ಸಮಾಜ ಪಾಠ ಮಾಡಿದವಳು. ನಿವೃತ್ತಿಯಾದ ಮೇಲೆ ನಮ್ಮ ವಿಧಾನಸಭಾ ಕ್ಷೇತ್ರದ ಚುನಾವಣೆಗಳನ್ನು ಒಂದು ದಪ್ಪ ನೋಟ್‌ಬುಕ್ಕಿನಲ್ಲಿ ಬರೆಯುತ್ತಾ ಬಂದಿದ್ದೇನೆ. ನೀವೂ ಮಾಡಬಹುದು.

ಚುನಾವಣಾ ಆಯೋಗದ ಜಾಲತಾಣದಲ್ಲಿ ಪ್ರತಿ ಚುನಾವಣೆಯ ಅಂಕಿ-ಅಂಶದ ವರದಿ ಇದೆ. ನಮ್ಮ ರಾಜ್ಯಕ್ಕೆ ಕರ್ನಾಟಕ ಅಂತ ಹೆಸರಾಗಿದ್ದು 1973ರಲ್ಲಿ. ಅದಕ್ಕೂ ಹಿಂದಿನದನ್ನು ‘ಮೈಸೂರು’ ಅಂತ ಹುಡುಕಿ. ಒಂದೊಂದು ಚುನಾವಣೆಗೆ ಎದುರುಬದುರು ಎರಡು ಪುಟ ಬಿಡಿ. ಎಡಪುಟಕ್ಕೆ ವರದಿಯ ಲೆಕ್ಕ. ಬಲಪುಟ ಸದ್ಯಕ್ಕೆ ಖಾಲಿ ಇರಲಿ.

ಗೆದ್ದವರ ಹೆಸರಷ್ಟೇ ಬರೆದರೆ ಸಾಲದು. ನಮ್ಮಲ್ಲಿ 1967ರಿಂದ 1994ರವರೆಗೆ ಏಳು ಸಲವೂ ಎಸ್. ಬಂಗಾರಪ್ಪನವರೇ. ಆದರೆ ಪಕ್ಷದ ಕಾಲಂ ನೋಡಿ: ಸಮಾಜವಾದಿಗಳಿಂದ ಶುರುವಾಗಿ ಕಾಂಗ್ರೆಸ್, ಜನತಾ, ಮತ್ತೆ ಕಾಂಗ್ರೆಸ್, ಕೊನೆಗೆ ಕರ್ನಾಟಕ ಕಾಂಗ್ರೆಸ್ ಪಕ್ಷ. 1983ರಲ್ಲಿ ಅವರು ಕ್ರಾಂತಿರಂಗ ಅನ್ನುವ ಪಕ್ಷದಲ್ಲಿದ್ದರು. ವರದಿಯಲ್ಲಿ ಮಾತ್ರ ಜನತಾ ಪಕ್ಷ ಅಂತಿದೆ, ಯಾಕೆಂದರೆ ಸ್ಪರ್ಧಿಸಿದ್ದು ಆ ಗುರುತಿನಲ್ಲಿ. ಸೋತವರ ಹೆಸರೂ ಬೇಕು. 2008ರಲ್ಲಿ ಗೆದ್ದವರು ಹರತಾಳು ಹಾಲಪ್ಪ. ಅಷ್ಟೇ ಬರೆದರೆ ಬಂಗಾರಪ್ಪನವರ ಮಕ್ಕಳು ಕುಮಾರ್, ಮಧು ಬಂಗಾರಪ್ಪ ಅಣ್ಣ-ತಮ್ಮ ಇಬ್ಬರೂ ಕಣದಲ್ಲಿದ್ದರು ಅನ್ನೋದೇ ಕಾಣುವುದಿಲ್ಲ, ಅಲ್ವಾ?

ಸಾರ್ವತ್ರಿಕ ಚುನಾವಣೆಯ ವರದಿಯಲ್ಲಿ ಉಪಚುನಾವಣೆ ಸೇರಿರುವುದಿಲ್ಲ. ಕುಮಾರ್ ಬಂಗಾರಪ್ಪ ಮೊದಲು ಗೆದ್ದದ್ದು 1999ರಲ್ಲಿ ಅಂತ ನಾನು ಬರೆದಿದ್ದೆ. ತಪ್ಪು. 1996ರಲ್ಲಿ ತಂದೆ ಲೋಕಸಭೆಗೆ ಹೋದಾಗಲೇ ಉಪಚುನಾವಣೆಯಲ್ಲಿ ಅವರು ಗೆದ್ದಿದ್ದರು. ಉಪಚುನಾವಣೆಗಳಿಗೆ ಹಳೆಯ ಪತ್ರಿಕೆ ನೋಡಬೇಕು.

ಅಂಕಿ ಹೋಲಿಸುವಾಗ ಜಾಸ್ತಿ ಜಾಗ್ರತೆ ಬೇಕು. 1952, 1957ರಲ್ಲಿ ಕೆಲವು ಕ್ಷೇತ್ರಗಳಿಗೆ ಇಬ್ಬರು ಶಾಸಕರು, ಅಲ್ಲಿ ಒಬ್ಬೊಬ್ಬ ಮತದಾರರಿಗೆ ಎರಡೆರಡು ಮತ. 1989ರಲ್ಲಿ ಮತದಾನದ ವಯಸ್ಸು 21ರಿಂದ 18ಕ್ಕೆ ಇಳಿಯಿತು. ಹಾಗಾಗಿ ಮತದಾರರ ಸಂಖ್ಯೆ ಹಿಗ್ಗಿತು. 2008ರಲ್ಲಿ ಗಡಿಗಳೇ ಬದಲಾದವು. ಪಕ್ಕದ ಹೊಸನಗರ ಕ್ಷೇತ್ರವೇ ಇಲ್ಲವಾಯಿತು; 2004ರಲ್ಲಿ ಅಲ್ಲಿ ಗೆದ್ದಿದ್ದ ಹಾಲಪ್ಪನವರು ಸೊರಬಕ್ಕೆ ಬಂದದ್ದು ಹಾಗೆ. ಮರುವಿಂಗಡಣೆ ಆದೇಶದಲ್ಲಿ ಯಾವ ಹೋಬಳಿ ಎಲ್ಲಿ ಸೇರಿತು ಅಂತ ಇರುತ್ತದೆ. ಅದನ್ನು ನೋಡದೆ ಹಿಂದಿನ, ಮುಂದಿನ ಲೆಕ್ಕ ಹೋಲಿಸಬೇಡಿ.

ಇನ್ನು ಬಲಪುಟ. ನನಗೆ ಹೆಚ್ಚು ಪ್ರೀತಿ ಇದರ ಮೇಲೆ. ಹಿರಿಯರ ಹತ್ತಿರ ಹೋಗಿ ಕೂತುಕೊಳ್ಳಿ. ಯಾರಿಗೆ ಓಟು ಹಾಕಿದಿರಿ ಅಂತ ಕೇಳಲೇಬೇಡಿ. ಮತಗಟ್ಟೆಗೆ ಎಷ್ಟು ದೂರ ನಡೆದಿರಿ, ಗೋಡೆ ಮೇಲೆ ಯಾವ ಗುರುತು ಬರೆದಿದ್ದರು ಅಂತ ಕೇಳಿ. ನಮ್ಮ ಕೇರಿಯ ಅಜ್ಜಿಯೊಬ್ಬರನ್ನು ಚುನಾವಣೆ ಬಗ್ಗೆ ಕೇಳಿದರೆ ಗೇಣಿ ಭತ್ತ ಅಳೆಯುವ ಕೊಳಗದ ಮಾತೆತ್ತಿದರು. ದಾರಿ ತಪ್ಪಿತು ಅಂದುಕೊಂಡೆ. ಆಮೇಲೆ ಹೊಳೆಯಿತು. 1951ರಲ್ಲಿ ಗೇಣಿದಾರರು ಭೂಮಾಲೀಕರ ವಿರುದ್ಧ ನಡೆಸಿದ ಕಾಗೋಡು ಸತ್ಯಾಗ್ರಹದಲ್ಲಿ ಜಗಳ ಎದ್ದದ್ದೇ ಆ ಕೊಳಗದ ಅಳತೆಗೆ. ಮರುವರ್ಷವೇ ಪಕ್ಕದ ಸಾಗರ-ಹೊಸನಗರದಲ್ಲಿ ಸಮಾಜವಾದಿ ಶಾಂತವೇರಿ ಗೋಪಾಲಗೌಡರು ಗೆದ್ದರು. ಬಂಗಾರಪ್ಪನವರು ಸಮಾಜವಾದಿಯಾಗಿ ಗೆದ್ದ ನಮ್ಮ 1967ರ ಎಡಪುಟಕ್ಕೆ ಅರ್ಥ ಸಿಕ್ಕಿದ್ದು ಆ ಅಜ್ಜಿಯಿಂದ.

ಈಚಿನ ಚುನಾವಣೆಗಳಿಗೆ ಫಾರಂ 20 ನೋಡಿ, ಮತಗಟ್ಟೆವಾರು ಲೆಕ್ಕ ಸಿಗುತ್ತದೆ.

ನನ್ನ 1957ರ ಬಲಪುಟ ಇನ್ನೂ ಖಾಲಿ ಇದೆ. ಆಗ ಓಟು ಹಾಕಿದವರಿಗೆ ಈಗ ತೊಂಬತ್ತರ ಹತ್ತಿರ, ಇಲ್ಲವೇ ಅದಕ್ಕೂ ಮೇಲೆ. ನಿಮ್ಮೂರಲ್ಲಿ ಅಂಥವರಿದ್ದರೆ ಮೊದಲು ಅವರ ಮನೆಗೆ ಹೋಗಿ. ವರದಿ ಆಮೇಲೆ ಇಳಿಸಿಕೊಂಡರಾಯಿತು.