ತಂತಿಯ ತೂತು ಹಿಡಿದು ಹಳೆಯ ಪತ್ರಗಳನ್ನು ಕ್ರಮಕ್ಕೆ ತಂದೆ

ಧಾರವಾಡದ ನಮ್ಮ ಹಿರಿಯರ ಮನೆಯ ಅಟ್ಟದಲ್ಲಿ ಸಿಕ್ಕ ಸುಮಾರು ಎಂಟುನೂರು ಪತ್ರಗಳಲ್ಲಿ ಅರ್ಧಕ್ಕೂ ಹೆಚ್ಚಿನವುಗಳ ಮೇಲೆ ಇಸವಿ ಇರಲಿಲ್ಲ, ಅಂಚೆಯ ಮುದ್ರೆಯೂ ಮಾಸಿತ್ತು. ಕೈಬರಹ ನೋಡಿ ವಿಂಗಡಿಸುವುದೊಂದೇ ದಾರಿಯೆಂದು ಬಲ್ಲವರೆಲ್ಲ ಹೇಳಿದರು. ಆದರೆ ಆ ಕಾಲದ ಹೆಂಗಸರ ಪತ್ರಗಳನ್ನು ಎಷ್ಟೋ ಸಲ ಶಾಲೆಗೆ ಹೋಗುವ ಹುಡುಗರು ಬರೆದುಕೊಡುತ್ತಿದ್ದುದರಿಂದ ಆ ದಾರಿ ಬೇಗನೆ ಮುಗಿಯಿತು. ಪತ್ರಗಳನ್ನು ಚುಚ್ಚಿಡುತ್ತಿದ್ದ ತಂತಿಯ ತೂತನ್ನು ನೋಡಿ ಕ್ರಮ ಹಿಡಿಯುತ್ತೇನೆಂದಾಗ ಯಾರೂ ನಂಬಲಿಲ್ಲ. ಈಗ ಆರುನೂರಕ್ಕೂ ಹೆಚ್ಚು ಪತ್ರಗಳು ತಮ್ಮ ಸ್ಥಾನದಲ್ಲಿವೆ.

ಓದಿದ ಪತ್ರವನ್ನು ಗೂಟದ ತಂತಿಗೆ ಚುಚ್ಚಿಡುತ್ತಿದ್ದ ಕಾರಣ, ಒಂದರ ಬೆನ್ನಿನ ತುಕ್ಕಿನ ಕಲೆ ಅದಕ್ಕಂಟಿದ್ದ ಪತ್ರದ ಮೇಲೂ ಅದೇ ಆಕಾರದಲ್ಲಿ ಮೂಡಿರುತ್ತದೆ. ಹೀಗೆ ಜೋಡಿಸಿದ ಸರಣಿಗೆ ನಡುನಡುವೆ ಕಾಲದ ಗುರುತು ಬೇಕು: ಇನ್‌ಲ್ಯಾಂಡ್ ಪತ್ರವಾದರೆ 1950ರ ಅಕ್ಟೋಬರ್ ನಂತರದ್ದು, ನಯಾ ಪೈಸೆಯ ಬೆಲೆಯಿದ್ದರೆ 1957ರ ಏಪ್ರಿಲ್‌ನಿಂದ ಈಚಿನದು, ಪಿನ್‌ಕೋಡ್ ಇದ್ದರೆ 1972ರ ಆಗಸ್ಟ್‌ಗಿಂತ ಹಿಂದಿನದಲ್ಲ. ಸಂವತ್ಸರದ ಹೆಸರಿದ್ದರೆ ಇನ್ನೂ ಸುಲಭ.

ಸ್ಕ್ಯಾನಿಂಗ್‌ಗೆಂದು ಒಂದು ಅಂಗಡಿಗೆ ಕೊಟ್ಟ ನಾಲ್ಕೈದು ಸಾವಿರ ರೂಪಾಯಿ ವ್ಯರ್ಥವಾಯಿತು; ಅವರ ಯಂತ್ರ ಹತ್ತಾರು ಇನ್‌ಲ್ಯಾಂಡ್‌ಗಳನ್ನು ಮಡಿಕೆಯಲ್ಲೇ ಹರಿದುಹಾಕಿತು. ಬಳಿಕ ಗಾಜು, ಸ್ಟ್ಯಾಂಡ್, ಮೊಬೈಲ್ ಸೇರಿಸಿ ಒಂದು ಸಾವಿರದೊಳಗೆ ನಾನೇ ವ್ಯವಸ್ಥೆ ಮಾಡಿಕೊಂಡೆ. ಹಿಂದೆ ಮರಾಠಿ ಬರೆಯಲು ಬಳಸುತ್ತಿದ್ದ ಮೋಡಿ ಲಿಪಿ ಓದಿಸಲು ಪುಟಕ್ಕೆ ಅರವತ್ತರಂತೆ ಕೊಟ್ಟ ಹಣ ಮಾತ್ರ ಸಾರ್ಥಕವೆನಿಸಿತು. ಮುನ್ನೂರೈವತ್ತು ರೂಪಾಯಿಯ ಅಲ್ಟ್ರಾವಯಲೆಟ್ ಟಾರ್ಚಿನ ಬೆಳಕಿನಲ್ಲಿ, ಕಂದಿದ ಹಳೆಯ ಕಬ್ಬಿಣದ ಮಸಿ ಗಾಢವಾಗಿ ಎದ್ದು ಕಾಣುತ್ತದೆ. ನೇರಳೆ ಕಾಪಿಯಿಂಗ್ ಪೆನ್ಸಿಲಿನ ಬರಹಕ್ಕೆ ಅದರಿಂದ ನನಗೆ ಪ್ರಯೋಜನವಾಗಲಿಲ್ಲ. ಒಂದಕ್ಕೊಂದು ಅಂಟಿಕೊಂಡ ಪತ್ರಗಳನ್ನು ಬಿಡಿಸಲು ನಾನು ಕಂಡುಕೊಂಡ ಉಪಾಯವನ್ನು ಸದ್ಯ ನನ್ನಲ್ಲೇ ಇಟ್ಟುಕೊಳ್ಳುತ್ತೇನೆ.

ಈ ಶ್ರಮದ ನಿಜವಾದ ಫಲ ನನ್ನ ಅಜ್ಜನ ಅಕ್ಕ. ಮುಂಬಯಿಯ ಮಾಟುಂಗಾದಿಂದ ರೇಷನ್ ಸಕ್ಕರೆಯ ಲೆಕ್ಕದವರೆಗೆ ಎಲ್ಲವನ್ನೂ ಬರೆಯುತ್ತಿದ್ದವಳು ತವರಿನ ಮೇಲೆ ಮುನಿಸಿಕೊಂಡು ಪತ್ರ ನಿಲ್ಲಿಸಿದಳೆಂಬುದೇ ಮನೆಯಲ್ಲಿ ಉಳಿದುಬಂದ ಮಾತು. ಸರ್ವಧಾರಿ ಸಂವತ್ಸರದ ಶ್ರಾವಣದಲ್ಲಿ, ಅಂದರೆ 1948ರ ಆಗಸ್ಟ್ ಸುಮಾರಿಗೆ, ಪುಣೆಯಲ್ಲಿದ್ದ ಅಜ್ಜನ ತಮ್ಮ ಅವಳನ್ನು ‘ಸೌ.’, ಅಂದರೆ ಸೌಭಾಗ್ಯವತಿ, ಎಂದೇ ಬರೆದಿದ್ದಾನೆ. ತಂತಿಯಲ್ಲಿ ಮೂರು ಪತ್ರಗಳಾಚೆ, ಅವನದೇ ದೀಪಾವಳಿಯ ಕಾರ್ಡಿನಲ್ಲಿ, ‘ಗಂ. ಭಾ. ಅಕ್ಕ ಇಲ್ಲಿಯೇ ಇರುತ್ತಾಳೆ’ ಎಂದಿದೆ; ಗಂ. ಭಾ. ಎಂದರೆ ಗಂಗಾ ಭಾಗೀರಥಿ, ವಿಧವೆಯರ ಹೆಸರಿನ ಮುಂದೆ ಹಾಕುತ್ತಿದ್ದ ಮಾತು. ಅಶುಭದ ಪತ್ರವನ್ನು ಓದಿದೊಡನೆ ಹರಿದುಹಾಕುತ್ತಿದ್ದರಾದ್ದರಿಂದ ಅವಳ ಗಂಡನ ಸಾವಿನ ಸುದ್ದಿ ತಂತಿಯಲ್ಲಿಲ್ಲ.

ಆ ಕಾರ್ಡಿನಿಂದ ಮುಂದಕ್ಕೆ ತಮ್ಮನ ಪತ್ರಗಳ ಎಡ ಅಂಚಿನಲ್ಲಿ, ಕಾಗದವನ್ನು ತಿರುಗಿಸಿ ಬರೆದ ಹೆಸರಿಲ್ಲದ ಒಂದೆರಡು ಸಾಲುಗಳು ಬರುತ್ತವೆ. ‘ಕಪಿಲೆ ಕರು ಹಾಕಿತೇ? ಹಿತ್ತಲಿನ ಮಲ್ಲಿಗೆಗೆ ನೀರು ತಪ್ಪಿಸಬೇಡಿರಿ.’ ಬಿಡಿಯಾಗಿ ಓದಿದವರಾರೂ ಇವುಗಳನ್ನು ಲೆಕ್ಕಕ್ಕೆ ಹಿಡಿದಿರಲಿಲ್ಲ. ಮಾಟುಂಗಾದ ಕೊನೆಯ ಪತ್ರದಲ್ಲಿ ಅದೇ ಕಪಿಲೆಯ ವಿಚಾರಣೆಯಿದೆ, ‘ಳ’ ಅಕ್ಷರದ ಬಾಲವನ್ನು ಕೆಳಸಾಲಿಗೆ ಎಳೆಯುವ ಅದೇ ಕೈಯಿದೆ. ಅವಳು ಪತ್ರ ನಿಲ್ಲಿಸಿರಲಿಲ್ಲ. ನಯಾ ಪೈಸೆಯ ಕಾಲದವರೆಗೆ, ಸುಮಾರು ಒಂಬತ್ತು ವರ್ಷ, ತಮ್ಮನ ಕಾಗದದ ಅಂಚಿನಲ್ಲಿ ಬರೆಯುತ್ತಲೇ ಇದ್ದಳು.

ಇದನ್ನು ತೋರಿಸಿದ ಮೇಲೆ ಪುಣೆಯ ಬಂಧುಗಳು ತಮ್ಮಲ್ಲಿದ್ದ ಎರಡು ತಂತಿಗಳನ್ನು ನನಗೆ ಒಪ್ಪಿಸಿದ್ದಾರೆ. ಧಾರವಾಡದಿಂದ ಅವಳಿಗೆ ಹೋದ ಉತ್ತರಗಳು ಅವುಗಳಲ್ಲಿರಬೇಕು. ಪ್ರತಿ ಪತ್ರದ ಎರಡೂ ಬದಿಯ ಫೋಟೋ ತೆಗೆಯುತ್ತಾ, ಮೇಲಿನಿಂದ ಒಂದೊಂದನ್ನೇ ಬಿಡಿಸುತ್ತಿದ್ದೇನೆ.